ಮೆಚೂರ್ ಆದ್ಲು, ರೊಕ್ಕ ಬಂತು

ಬ್ಯಾಂಕಿನವರು ಅಚ್ಚು ಹಾಕಿಸಿ ಕಳಿಸಿದ ಕಿರುಹೊತ್ತಿಗೆಯಲ್ಲಿ ಠೇವಣಿಯ ಅವಧಿ ಮುಗಿಯುವ ದಿನವನ್ನು ‘ಪರಿಪಕ್ವತಾ ದಿನಾಂಕ’ ಎಂದು ಬರೆದಿದ್ದರು. ಓದಿದವನೇ ಹೊತ್ತಿಗೆಯನ್ನು ಮೇಜಿನ ಮೇಲೆ ಎಸೆದೆ. ಪರಿಪಕ್ವವಾಗಲು ಅದೇನು ಸೀತಾಫಲವೇ? ಇಂಥ ಕನ್ನಡ ಬರೆದವರನ್ನು ಒಂದು ದಿನ ದೇವದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ನಿಲ್ಲಿಸಿ, ಹತ್ತು ಜನರಿಗೆ ಓದಿ ಹೇಳಿ ಎನ್ನಬೇಕು ಎಂದು ಸಿಟ್ಟು ಬಂತು. ನನಗೆ ಸಿಟ್ಟು ಬೇಗ ಬರುತ್ತದೆ. ಜನರಿಗೆ ತಿಳಿಯದ ಹಾಗೆ ಮಾತಾಡುವವರ ಮೇಲೆ ಬರುವ ಸಿಟ್ಟಿನ ಬಗ್ಗೆಯಂತೂ ನನಗೆ ಹೆಮ್ಮೆಯೇ ಇತ್ತು.

ನಿವೃತ್ತಿಯಾದ ಮೇಲೆ ರಾಯಚೂರಿನಲ್ಲಿ ಆರ್ಥಿಕ ಸಾಕ್ಷರತೆಯ ಸಲಹೆಗಾರ ಎಂದು ನನ್ನನ್ನು ಮತ್ತೆ ಕೆಲಸಕ್ಕೆ ತೆಗೆದುಕೊಂಡಿದ್ದರು. ಹೆಸರು ದೊಡ್ಡದು. ಕೆಲಸವೆಂದರೆ ಒಂದು ಬ್ಯಾನರು, ಹೆಗಲಿಗೆ ಹಾಕಿಕೊಳ್ಳುವ ಒಂದು ಸ್ಪೀಕರು, ಒಂದು ಮೈಕು ಹೊತ್ತು ಹಳ್ಳಿಗಳಿಗೆ ಹೋಗಿ ಬ್ಯಾಂಕಿನ ವಿಷಯ ತಿಳಿಸುವುದು. ಆ ಬೇಸಿಗೆಯಲ್ಲಿ ನನಗೆ ವಹಿಸಿದ್ದು ಹೆಣ್ಣುಮಕ್ಕಳ ಬಾಂಡಿನ ವಿಷಯ. ಬಡವರ ಮನೆಯಲ್ಲಿ ಹೆಣ್ಣುಕೂಸು ಹುಟ್ಟಿದಾಗ ಸರ್ಕಾರ ಅದರ ಹೆಸರಿನಲ್ಲಿ ಠೇವಣಿ ಇಡುತ್ತದೆ. ಹುಡುಗಿಗೆ ಹದಿನೆಂಟು ತುಂಬಿದ ಮೇಲೆ ಅವಧಿ ಮುಗಿದು ಹಣ ಅವಳಿಗೆ ಸಿಗುತ್ತದೆ. ಅಷ್ಟರೊಳಗೆ ಮದುವೆ ಆಗಿರಬಾರದು, ಶಾಲೆಯನ್ನು ನಡುವೆ ಬಿಟ್ಟಿರಬಾರದು. ಆದರೆ ಬಾಂಡು ಒಮ್ಮೆ ಟ್ರಂಕಿನ ತಳ ಸೇರಿದ ಮೇಲೆ ಇದೆಲ್ಲ ಯಾರಿಗೆ ನೆನಪಿರುತ್ತದೆ? ನೆನಪು ಮಾಡಿಕೊಡಲು ನನ್ನನ್ನು ಕಳಿಸಿದ್ದರು.

‘ಪರಿಪಕ್ವತೆ’ಯನ್ನು ಬಿಟ್ಟು, ಕೌಂಟರಿನಲ್ಲಿ ಮೂವತ್ತು ವರ್ಷ ಆಡಿದ ಮಾತನ್ನೇ ತೆಗೆದುಕೊಂಡೆ. ಠೇವಣಿಯ ಅವಧಿ ಮುಗಿದರೆ ನಾವು ‘ಮೆಚೂರ್ ಆಯಿತು’ ಎನ್ನುತ್ತಿದ್ದೆವು. ಮೊದಲ ಸಭೆ ಮಾನ್ವಿ ತಾಲೂಕಿನ ಹಿರೇಕೊಟ್ನೆಕಲ್‌ನಲ್ಲಿ. ಅಲ್ಲಿ ಪೂರ್ತಿಯಾಗಿ ಹೇಳಿದ್ದೆ: “ಹುಡುಗಿಗಿ ಹದಿನೆಂಟು ವರ್ಸ ತುಂಬಿದ ಮ್ಯಾಲೆ ಬಾಂಡ್ ಮೆಚೂರ್ ಆಗ್ತದ, ಆಮ್ಯಾಲೆ ರೊಕ್ಕ ಬರ್ತದ.” ಕಲ್ಲೂರಿಗೆ ಹೋದಾಗ ಬಿಸಿಲು ಏರಿತ್ತು, ಗಂಟಲು ಒಣಗಿತ್ತು. ಅಲ್ಲಿ ಹದಿನೆಂಟರ ಮಾತನ್ನು ಒಮ್ಮೆ ಮಾತ್ರ ಹೇಳಿ, ಉಳಿದದ್ದೆಲ್ಲ ‘ಮೆಚೂರ್ ಆದ್ರ ರೊಕ್ಕ’ ಎಂದು ಮುಗಿಸಿದೆ. ದೇವದುರ್ಗದ ಹಳ್ಳಿಗಳಿಗೆ ಬರುವಷ್ಟರಲ್ಲಿ ಆ ವಾಕ್ಯ ಸವೆದು ಸವೆದು ಘೋಷಣೆಯಾಗಿಬಿಟ್ಟಿತ್ತು.

ದೇವದುರ್ಗದಿಂದ ಕೃಷ್ಣಾ ಹೊಳೆಯ ಕಡೆಗಿರುವ ಒಂದು ಹಳ್ಳಿ. ಏಪ್ರಿಲ್ಲಿನ ಮುಂಜಾನೆ. ಅಂಗನವಾಡಿಯ ಕೋಣೆಯಲ್ಲಿ ಹೆಂಗಸರು ಮಕ್ಕಳನ್ನು ಕಟ್ಟಿಕೊಂಡು ಕಿಕ್ಕಿರಿದು ಕೂತಿದ್ದರು. ಶಾಲೆಗೆ ರಜೆ ಇದ್ದುದರಿಂದ ದೊಡ್ಡ ಹುಡುಗಿಯರೂ ಬಂದಿದ್ದರು. ನಾನು ಬಾಂಡಿನ ನಮೂನೆಯನ್ನು ಎತ್ತಿ ತೋರಿಸಿ ಮೈಕಿನಲ್ಲಿ ಕೂಗಿದೆ: “ನಿಮ್ಮ ಹುಡುಗಿ ಮೆಚೂರ್ ಆದ್ಲು, ರೊಕ್ಕ ಬಂತು! ತಿಳೀತಿಲ್ಲೊ?”

ಹೆಂಗಸರೆಲ್ಲ ಒಮ್ಮೆಲೇ ನಕ್ಕರು. ಕೆಲವರು ಸೆರಗನ್ನು ಬಾಯಿಗೆ ಒತ್ತಿಕೊಂಡರು. ಹಿಂದೆ ಕೂತಿದ್ದ ಮುದುಕಿಯೊಬ್ಬಳು ಪಕ್ಕದವಳ ತೊಡೆಗೆ ಹೊಡೆದು ನಕ್ಕಳು. ಬ್ಯಾಂಕಿನ ವಿಷಯ ಕೇಳಿ ಜನ ನಗುವುದನ್ನು ನಾನು ಕಂಡದ್ದೇ ಇಲ್ಲ. ಹುರುಪಿನಲ್ಲಿ ಇನ್ನೊಮ್ಮೆ ಅದನ್ನೇ ಹೇಳಿದೆ. “ಮೆಚೂರ್ ಆದದ್ದಕ್ಕ ದಾಖಲಿ ತರ್ಬೇಕು ಮತ್ತ!” ಎಂದೂ ಸೇರಿಸಿದೆ. ನನ್ನ ತಲೆಯಲ್ಲಿದ್ದದ್ದು ಜನನ ಪ್ರಮಾಣಪತ್ರ, ಶಾಲೆಯ ಸರ್ಟಿಫಿಕೇಟು. ನಗು ಇನ್ನೂ ಜೋರಾಯಿತು. ವರದಿಗೆ ಬೇಕಲ್ಲ ಎಂದು ಆ ನಗುವಿನ ನಡುವೆಯೇ ಫೋನಿನಲ್ಲಿ ಒಂದು ಫೋಟೋ ತೆಗೆದೆ. ಬಾಗಿಲಲ್ಲಿ ನಿಂತಿದ್ದ ಅಂಗನವಾಡಿ ಟೀಚರು ಮಾತ್ರ ನಕ್ಕಿರಲಿಲ್ಲ. “ಸರ್, ಒಂದ್ ಮಾತು...” ಎನ್ನುತ್ತ ಹತ್ತಿರ ಬಂದರು. ನನಗೆ ಬಸ್ಸಿನ ಹೊತ್ತಾಗಿತ್ತು. “ಫೋನ್ ಮಾಡ್ರಿ ಟೀಚರ್” ಎಂದು ಹೊರಟುಬಿಟ್ಟೆ.

ಶ್ರಾವಣದ ಕೊನೆಯ ವಾರ, ಬುಧವಾರ, ಅದೇ ಊರಿನ ತಾಯಿ ಮಗಳಿಬ್ಬರು ರಾಯಚೂರಿನ ನನ್ನ ಕಚೇರಿಗೆ ಮೆಟ್ಟಿಲು ಹತ್ತಿ ಬಂದರು. ತಾಯಿಗೆ ಮೂವತ್ತು ದಾಟಿರಲಿಕ್ಕಿಲ್ಲ. ಹುಡುಗಿ ಹಸಿರು ಬಳೆ ತುಂಬಿಕೊಂಡಿದ್ದಳು, ಹೊಸ ಲಂಗ ತೊಟ್ಟಿದ್ದಳು, ತಲೆ ಎತ್ತದೆ ಬಾಗಿಲ ಪಕ್ಕ ನಿಂತಳು.

“ಬರ್ರಿ ಯವ್ವಾ, ಏನ್ ಕೆಲ್ಸ?”

“ಬಾಂಡಿನ ರೊಕ್ಕ ತಗೊಂಡು ಹೋಗಾಕ ಬಂದೀವ್ರಿ ಸಾಹೇಬ್ರ. ಹುಡುಗಿ ಮೆಚೂರ್ ಆಗ್ಯಾಳ್ರಿ.”

ಬಾಂಡು ತೆಗೆದುಕೊಂಡು ಹುಟ್ಟಿದ ದಿನಾಂಕ ನೋಡಿದೆ. ಹದಿಮೂರು ತುಂಬಿ ಕೆಲವೇ ತಿಂಗಳಾಗಿದ್ದವು.

“ಎಲ್ಲಿ ಆಗ್ಯಾಳ ಯವ್ವಾ? ಇನ್ನೂ ಐದು ವರ್ಸ ಹತ್ರ ಅದ.”

“ಇಲ್ರೀ, ಖರೇನ ಆಗ್ಯಾಳ್ರಿ. ದಾಖಲಿ ತಂದೀನಿ ನೋಡ್ರಿ.”

ಕ್ಯಾರಿಬ್ಯಾಗಿನಿಂದ ಆಧಾರ್ ಕಾರ್ಡು, ರೇಷನ್ ಕಾರ್ಡು ತೆಗೆದಳು. ಅವುಗಳ ಮೇಲೆ ಒಂದು ಫೋಟೋ ಇಟ್ಟಳು. ಇದೇ ಹುಡುಗಿ ಹೂವು ಮುಡಿದು ಕುರ್ಚಿಯ ಮೇಲೆ ಕೂತಿದ್ದಾಳೆ, ಮಡಿಲಲ್ಲಿ ತೆಂಗಿನಕಾಯಿ, ಸುತ್ತ ಆರತಿ ತಟ್ಟೆ ಹಿಡಿದ ಮುತ್ತೈದೆಯರು. ಮೈನೆರೆದ ಹುಡುಗಿಯನ್ನು ಕೂಡಿಸಿ ಆರತಿ ಮಾಡುತ್ತಾರಲ್ಲ, ಆ ಕಾರ್ಯದ ಫೋಟೋ. ದೇವದುರ್ಗದ ಸ್ಟುಡಿಯೋದಲ್ಲಿ ದೊಡ್ಡದು ಮಾಡಿಸಿ, ದಾಖಲೆ ಎಂದು ಲ್ಯಾಮಿನೇಷನ್ ಹಾಕಿಸಿಕೊಂಡು ಬಂದಿದ್ದಳು.

ಮೊದಲು ನನಗೆ ನಗು ಬಂತು, ಅದನ್ನು ಮುಚ್ಚಿಡುವುದಿಲ್ಲ. ಫೋಟೋವನ್ನು ಇನ್ನೊಮ್ಮೆ ನೋಡಿದೆ. ‘ಹುಡುಗಿ ದೊಡ್ಡಾಕಿ ಆದ್ಲು’ ಎನ್ನುವ ಕಡೆ ನಮ್ಮ ಸೀಮೆಯಲ್ಲಿ ಈಗ ಎಲ್ಲರೂ ‘ಮೆಚೂರ್ ಆದ್ಲು’ ಎನ್ನುತ್ತಾರೆ. ಡಾಕ್ಟರು ಅನ್ನುತ್ತಾರೆ, ನರ್ಸು ಅನ್ನುತ್ತಾರೆ, ನನ್ನ ಮನೆಯಲ್ಲೂ ಅಂದದ್ದನ್ನು ನಾನೇ ಎಷ್ಟೋ ಸಲ ಕೇಳಿದ್ದೇನೆ. ಕೇಳಿಯೂ, ಮೈಕು ಹಿಡಿದ ಕೂಡಲೇ ಆ ಶಬ್ದ ನನಗೆ ಬರೀ ಕಾಗದದ್ದಾಗಿತ್ತು. ಹೆಂಗಸರು ನಕ್ಕದ್ದು ಯಾಕೆಂದು ಆ ಕ್ಷಣ ತಿಳಿಯಿತು.

“ರೊಕ್ಕಕ್ಕ ಯಾಕ ಇಷ್ಟು ಅವಸರ ಯವ್ವಾ?”

“ಬರೋ ಸೋಮವಾರ ಲಗ್ನ ಇಟ್ಟೀವ್ರಿ. ನಮ್ಮ ತಮ್ಮಗ ಕೊಡಾಕತ್ತೀವಿ. ಈ ರೊಕ್ಕ ನಂಬ್ಕೊಂಡೇ ಮಾಡಾಕತ್ತೀವ್ರಿ ಸಾಹೇಬ್ರ.”

ಹದಿಮೂರು ವರ್ಷದ ಹುಡುಗಿ ಬಾಗಿಲಲ್ಲಿ ನಿಂತು ಬಳೆಗಳನ್ನು ಮೇಲೆ ಕೆಳಗೆ ಸರಿಸುತ್ತಿದ್ದಳು. ಅವಳ ಮದುವೆಗೆ ಮುಹೂರ್ತ ಇಟ್ಟವನು ನಾನು.

“ಲಗ್ನ ಮಾಡಿದ್ರ ಬಾಂಡ್ ರದ್ದಾಗ್ತದ. ಹದಿನೆಂಟು ಆಗೋತನ ಮಾಡೋಹಂಗಿಲ್ಲ. ಕಾನೂನಿಗೂ ತಪ್ಪು,” ಎಂದೆ. ದನಿ ಏರಿತ್ತು.

ತಾಯಿ ನನ್ನ ಮುಖವನ್ನೇ ನೋಡಿದಳು. “ನೀವೇ ಹೇಳಿದ್ರೆಲ್ಲ ಸಾಹೇಬ್ರ, ನಮ್ಮೂರಾಗ, ಮೈಕಿನ್ಯಾಗ? ಎಲ್ರೂ ಕೇಳ್ಯಾರ. ಈಗ ರೊಕ್ಕ ಕೊಡೋ ಹೊತ್ತಿಗಿ ಹದಿನೆಂಟು ಅಂತೀರಿ?”

“ಹಂಗಲ್ಲ ಯವ್ವಾ, ನಾ ಹೇಳಿದ್ದು ಬಾಂಡಿನ ಮಾತು.”

“ಹುಡುಗಿ ಮೆಚೂರ್ ಅಂದ್ರಿ. ಬಾಂಡ್ ಅನ್ನಲಿಲ್ಲ.” ಕಾಗದಗಳನ್ನೆಲ್ಲ ಬಾಚಿ ಚೀಲಕ್ಕೆ ತುಂಬಿದಳು. “ನಾವು ದಸರಾ ಆದ ಮ್ಯಾಲೆ ಬೆಂಗ್ಳೂರಿಗಿ ದುಡಿಯಾಕ ಹೋಗ್ಬೇಕು. ಆಕಿ ಅಪ್ಪ ಆಗಲೇ ಹೋಗ್ಯಾನ. ದೊಡ್ಡಾಕಿ ಆದಾಕಿನ್ನ ನಮ್ಮ ಮುದುಕಿ ಅತ್ತಿ ಒಬ್ಬಾಕಿ ಹತ್ರ ಬಿಟ್ಟು ಹೆಂಗ ಹೋಗ್ಲಿ? ನೀವು ಕಾಯ್ತೀರೇನು?”

ಅವರು ಮೆಟ್ಟಿಲಿಳಿದು ಹೋದರು. ನಾನು ಮಕ್ಕಳ ಸಹಾಯವಾಣಿಗೆ ಫೋನು ಹಚ್ಚಿದೆ. ಊರು, ಮನೆ, ಮದುವೆಯ ದಿನ ಎಲ್ಲ ಬರೆದುಕೊಂಡರು. ನಿಮಗೆ ಹೇಗೆ ಗೊತ್ತಾಯಿತು ಎಂದು ಕೇಳಿದರು. ಬ್ಯಾಂಕಿನ ಕೆಲಸಕ್ಕೆ ಬಂದಿದ್ದರು ಎಂದೆ. ಉಳಿದದ್ದನ್ನು ನುಂಗಿಕೊಂಡೆ. ಆ ನುಂಗಿದ್ದಕ್ಕೆ ಇವತ್ತಿಗೂ ನಾಚಿಕೆಯಾಗುತ್ತದೆ.

ನಮ್ಮ ಮ್ಯಾನೇಜರಿಗೆ ಹೇಳಿದಾಗ ಅವರು ಮೊದಲು ಕೇಳಿದ್ದು, “ನೀವು ಹೇಳಿದ್ದು ಬರವಣಿಗಿಯಾಗೇನಾರ ಅದ ಏನ್ರಿ?” ಇಲ್ಲ ಎಂದೆ. “ಹಂಗಾದ್ರ ಬಿಡ್ರಿ. ಫೋನ್ ಮಾಡೀರಲ್ಲ, ಇನ್ನ ಅವರು ನೋಡ್ಕೊಂತಾರ.” ಸಮಾಧಾನ ಮಾಡಲೆಂದೇ ಅವರು ಹಾಗಂದದ್ದು. ಸಮಾಧಾನ ಆಗಲಿಲ್ಲ. ಮನೆಯಲ್ಲಿ ಹೆಂಡತಿ ಊಟಕ್ಕೆ ಬಡಿಸುತ್ತಿದ್ದವಳು ಸೌಟನ್ನು ಕೆಳಗಿಟ್ಟಳು. “ಊರೂರು ಹೆಂಗಸ್ರು ನಕ್ಕರು ಅಂತ ದಿನಾ ಬಂದು ಹೇಳ್ತಿದ್ರಿ. ಏನಂದ್ರ ನಕ್ಕರು ಅಂತ ಒಂದಿನಾರ ನನಗ ಹೇಳಿದ್ರೇನು? ಆವತ್ತೇ ಹೇಳ್ತಿದ್ದೆ.” ಅವಳು ಬೈದಿದ್ದರೆ ಹಗುರಾಗುತ್ತಿತ್ತು. ಬೈಯಲಿಲ್ಲ.

ಗುರುವಾರ ತಾಲೂಕಿನ ಅಧಿಕಾರಿಗಳು ಪೊಲೀಸರ ಜೊತೆ ಆ ಮನೆಗೆ ಹೋದರು. ಮದುವೆ ಮಾಡುವುದಿಲ್ಲ ಎಂದು ಮುಚ್ಚಳಿಕೆ ಬರೆಸಿ, ತಾಯಿಯ ಸಹಿ, ಅಜ್ಜಿಯ ಹೆಬ್ಬೆಟ್ಟು ಹಾಕಿಸಿಕೊಂಡರು. ಕೆಲಸ ಮುಗಿಯಿತು ಎಂದುಕೊಂಡೆ. ಶುಕ್ರವಾರ ಮಧ್ಯಾಹ್ನ ಅಂಗನವಾಡಿ ಟೀಚರ ಫೋನು ಬಂತು. ಅವರು ದೇವದುರ್ಗದವರು, ಮನೆಯಲ್ಲಿ ದಖನಿ ಉರ್ದು ಮಾತಾಡುವ ಹೆಣ್ಣುಮಗಳು. ಆ ಊರಿನ ಒಂದೊಂದು ಬಾಗಿಲೂ ಅವರಿಗೆ ಗೊತ್ತು.

“ಸರ್, ಲಗ್ನ ನಿಂತಿಲ್ರಿ. ರವಿವಾರ ಮುಂಜಾನಿ ಹುಡುಗಿನ್ನ ಮಾನ್ವಿ ಕಡಿ ತಾಯಿ ತವರಿಗಿ ಕರಕೊಂಡು ಹೋಗ್ತಾರಂತ. ಅಲ್ಲೇ ಗುಡಿಯಾಗ ಮುಗಿಸ್ತಾರಂತ.”

“ಮುಚ್ಚಳಿಕೆ ಬರ್ಕೊಟ್ಟಾರಲ್ಲ ಟೀಚರ್?”

“ಅಜ್ಜಿಗಿ ಕೇಳಿದ್ನಿರಿ. ‘ಪೊಲೀಸರು ಒಂದು ಹೇಳ್ತಾರ, ಬ್ಯಾಂಕಿನವ್ರು ಒಂದು ಹೇಳ್ತಾರ. ರೊಕ್ಕ ಕೊಡೋರ ಮಾತು ನಾವು ಕೇಳಾಕತ್ತೀವಿ’ ಅಂದ್ಲು. ಆಫೀಸಿನ್ಯಾಗ ಇಲ್ಲ ಅಂದದ್ದು ಸುಳ್ಳಂತ, ನೀವು ಮೈಕಿನ್ಯಾಗ ಹೇಳಿದ್ದನ್ನೇ ಹಿಡ್ಕೊಂಡು ಕುಂತಾಳ್ರಿ ಸರ್.”

ಮತ್ತೆ ಸಹಾಯವಾಣಿಗೆ ಹೇಳಿದೆ. ಮಾನ್ವಿಗೂ ತಿಳಿಸುತ್ತೇವೆ ಎಂದರು. ಆದರೆ ಯಾವ ಊರು, ಯಾವ ಗುಡಿ ಎಂದು ಟೀಚರಿಗೂ ಗೊತ್ತಿರಲಿಲ್ಲ. ಯಾರು ಎಷ್ಟು ಸಲ ಹೋಗಿ ಹೆದರಿಸಿದರೂ ಅವರ ಕಿವಿಯಲ್ಲಿ ಕೂತಿರುವುದು ನನ್ನ ಮಾತು. ತಪ್ಪನ್ನು ಮೈಕಿನಲ್ಲಿ ಹೇಳಿದ್ದೆ. ಮೈಕಿನಲ್ಲೇ ವಾಪಸು ತೆಗೆದುಕೊಳ್ಳಬೇಕು. ಮ್ಯಾನೇಜರಿಗೆ ಶನಿವಾರ ರಜೆ ಎಂದು ಚೀಟಿ ಬರೆದುಕೊಟ್ಟೆ.

ಶನಿವಾರ ಮೊದಲ ಬಸ್ಸಿಗೆ ಹೊರಟು, ದೇವದುರ್ಗದಲ್ಲಿ ಟಂಟಂ ಆಟೋ ಹಿಡಿದು ಆ ಊರಿಗೆ ಇಳಿದಾಗ ಒಂಬತ್ತಾಗಿತ್ತು. ಅದೇ ಬ್ಯಾನರು, ಅದೇ ಸ್ಪೀಕರು. ಟೀಚರು ಅಂಗನವಾಡಿಯ ಬಾಗಿಲು ತೆಗೆದರು. ಹೊಲಕ್ಕೆ ಹೊರಟಿದ್ದ ಹೆಂಗಸರು ಮತ್ತೇನು ತಮಾಷೆ ಎಂದು ನಿಂತರು. ತಾಯಿ ಬರಲಿಲ್ಲ, ಮನೆ ಎದುರಿಗೇ ಇತ್ತು, ಬಾಗಿಲಲ್ಲಿ ನಿಂತು ನೋಡಿದಳು. ಅಜ್ಜಿ ಮಾತ್ರ ಕೋಲೂರಿಕೊಂಡು ಬಂದು ಮುಂದೆಯೇ ಕೂತಳು. ಅಂದು ಪಕ್ಕದವಳ ತೊಡೆಗೆ ಹೊಡೆದು ನಕ್ಕಿದ್ದ ಮುದುಕಿ ಅವಳೇ.

ಮೈಕು ಹಿಡಿದೆ. “ಯವ್ವಾರ, ಏಪ್ರಿಲ್‌ನ್ಯಾಗ ನಾ ಇಲ್ಲಿ ಒಂದು ಮಾತು ತಪ್ಪು ಹೇಳೀನಿ. ಮೆಚೂರ್ ಆಗೋದು ಹುಡುಗಿ ಅಲ್ರಿ, ಕಾಗದ. ನೀವು ಯಾಕ ನಕ್ಕಿರಿ ಅಂತ ಆವತ್ತು ನನಗ ತಿಳೀಲಿಲ್ಲ. ತಪ್ಪು ನಂದು.”

ಯಾರೂ ನಗಲಿಲ್ಲ. ಅಜ್ಜಿ ಕಣ್ಣು ಕಿರಿದು ಮಾಡಿದಳು. “ಮೈಕಿನ್ಯಾಗ ಹೇಳಿದ್ದು ತಪ್ಪಾಗ್ತದೇನೋ ಯಪ್ಪಾ?”

“ಆಗ್ತದ ಯವ್ವಾ. ಆಗ್ಯಾದ.”

“ಕಾಗದ ಹೆಂಗ ಮೆಚೂರ್ ಆಗ್ತದ? ಅದಕ್ಕೇನು ಜೀವ ಅದ ಏನು?”

ಇಲ್ಲಿ ನಾನು ಸಿಕ್ಕಿಹಾಕಿಕೊಂಡೆ. ಅವಧಿ ಎಂದೆ, ಕಾಲಾವಧಿ ಎಂದೆ, ಗಡುವು ಎಂದೆ. ಮುದುಕಿ ತಲೆ ಅಲ್ಲಾಡಿಸಿದಳು. ಕಡೆಗೆ ಸೋತು, “ಬಾಂಡಿಗಿ ಹದಿನೆಂಟು ವರ್ಸದ ಲೆಕ್ಕ ಇಟ್ಟಾರ ಯವ್ವಾ. ಅದು ತುಂಬೋತನ ಮುಟ್ಟಬಾರ್ದು, ನಡುವ ಲಗ್ನ ಮಾಡಿದ್ರ ಒಂದು ಪೈಸಾ ಸಿಗಂಗಿಲ್ಲ,” ಎಂದೆ.

“ಮುದ್ದತ್ ಅನ್ನು!” ಅಜ್ಜಿ ಕೋಲನ್ನು ನೆಲಕ್ಕೆ ಕುಟ್ಟಿದಳು. “ನಮ್ಮಪ್ಪ ಮಂದಿ ಹೊಲ ರೊಕ್ಕ ಕೊಟ್ಟು ಲಾವಣಿಗಿ ಹಿಡೀತಿದ್ದ. ಐದು ವರ್ಸ ಮುದ್ದತ್. ಮುದ್ದತ್ ತುಂಬೋಕ್ಕಿಂತ ಮೊದ್ಲು ಬಿಟ್ಟು ಎದ್ರ, ಕೊಟ್ಟ ಮುಂಗಡ ಹೋಯ್ತು. ಹಂಗ ಹೌದಿಲ್ಲೊ?”

“ಹಂಗೇ ಯವ್ವಾ. ಹಂಗೇ.”

“ಮತ್ತ ಮುದ್ದತ್ ಅನ್ನಾಕ ಏನಾಗಿತ್ತು ನಿನಗ? ಮೆಚೂರ್ ಅಂತಾನ, ಮೆಚೂರ್!”

ನಾನು ಕೆಲಸಕ್ಕೆ ಸೇರಿದ ಮೊದಲ ಶಾಖೆಯ ಗೋಡೆಯ ಮೇಲೆ ‘ಮುದ್ದತಿ ಠೇವಣಿ’ ಎಂದು ಬಣ್ಣದಲ್ಲಿ ಬರೆದಿತ್ತು. ನಿಜಾಮರ ಕಾಲದಿಂದ ಈ ಸೀಮೆಯ ಬಾಯಲ್ಲಿದ್ದ ಮಾತು. ಕಂಪ್ಯೂಟರು ಬಂದ ವರ್ಷ ಸುಣ್ಣ ಬಳಿದು ಅಳಿಸಿದರು, ನಾವೂ ಮರೆತೆವು. ಕನ್ನಡ ಗೊತ್ತಿಲ್ಲದವರೆಂದು ಕಿರುಹೊತ್ತಿಗೆ ಬರೆದವರನ್ನು ಬೈದಿದ್ದ ನನಗೆ ಅದು ಹೊಳೆದೇ ಇರಲಿಲ್ಲ.

ಅಜ್ಜಿ ಬಾಂಡು ತರಿಸಿದಳು. ಮೊಮ್ಮಗಳೇ ತಂದಳು. “ಓದು ಬೇ, ಮುದ್ದತ್ ಯಾವತ್ತು ತುಂಬ್ತದ?” ಹುಡುಗಿ ಬೆರಳಿಟ್ಟು ಕೆಳಗಿನ ಸಾಲನ್ನು ಗಟ್ಟಿಯಾಗಿ ಓದಿದಳು. ಅವಳ ಹುಟ್ಟಿದ ದಿನವೇ, ಹುಟ್ಟಿದ ತಿಂಗಳೇ. ವರ್ಷ ಮಾತ್ರ ಹದಿನೆಂಟು ಮುಂದೆ. ಇನ್ನೊಮ್ಮೆ ಓದು ಎಂದಳು ಅಜ್ಜಿ. ಇನ್ನೊಮ್ಮೆ ಓದಿದಳು.

ಅಷ್ಟರಲ್ಲಿ ತಾಯಿಯೂ ಬಂದು ನಿಂತಿದ್ದಳು. “ತಮ್ಮಗ ಮಾತು ಕೊಟ್ಟೀವಲ್ಲ ಅತ್ತಿ?”

“ಮಾತಿಗೂ ಮುದ್ದತ್ ಹಾಕು. ಅಲ್ಲೀತನ ಅವನಿಗಿ ಪುರುಸೊತ್ತು ಇಲ್ಲಂದ್ರ ಬ್ಯಾರೆ ಕಡಿ ನೋಡ್ಕೊಳ್ಲಿ.”

“ಮತ್ತ ಈಕಿನ್ನ ಎಲ್ಲಿ ಬಿಡ್ಲಿ?” ತಾಯಿಯ ಕಣ್ಣು ತುಂಬಿದವು. ಅವಳ ಭಯ ಸುಳ್ಳಿನದಾಗಿರಲಿಲ್ಲ.

ಟೀಚರು ಮುಂದೆ ಬಂದರು. ದೇವದುರ್ಗದಲ್ಲಿ ಹುಡುಗಿಯರ ಹಾಸ್ಟೆಲ್ಲಿದೆ, ವಾರ್ಡನ್ ಪರಿಚಯದವರು, ಸೋಮವಾರವೇ ಅರ್ಜಿ ಕೊಡೋಣ ಎಂದರು. ಅಜ್ಜಿ ಮೊಮ್ಮಗಳ ಕಡೆ ತಿರುಗಿ, “ಹೋಗ್ತೀ ಏನ?” ಎಂದಳು. ಹುಡುಗಿ ಮನೆಯೊಳಗೆ ಹೋಗಿ ಪುಸ್ತಕದ ಚೀಲ ತಂದು ಹೊಸ್ತಿಲ ಹೊರಗೆ ಇಟ್ಟು, ಅದರ ಪಕ್ಕ ಕೂತಳು.

ಸೋಮವಾರ ಲಗ್ನದ ಹೊತ್ತಿಗೆ ಅವಳು ವಾರ್ಡನ್ ಮುಂದೆ ಅರ್ಜಿಗೆ ಸಹಿ ಹಾಕುತ್ತಿದ್ದಳು ಎಂದು ಟೀಚರು ಆಮೇಲೆ ತಿಳಿಸಿದರು. ಆದರೆ ಆ ಶನಿವಾರ ನಾನು ಸ್ಪೀಕರು ಹೆಗಲಿಗೇರಿಸಿ ಹೊರಟಾಗ ಹುಡುಗಿ ಎದ್ದು ಹತ್ತಿರ ಬಂದಳು. ಅವಳ ದನಿಯನ್ನು ಓದಿನ ಹೊರತಾಗಿ ಕೇಳಿದ್ದು ಅದೊಂದೇ ಸಲ.

“ಸರ್, ಬ್ಯಾರೆ ಊರಾಗೂ ಹಿಂಗೇ ಹೇಳೀರೇನ್ರಿ?”

“ಹೂಂ ಯವ್ವಾ.”

“ಅಲ್ಲೂ ಹೋಗಿ ಹೇಳ್ರಿ ಸರ್.”

ಟಂಟಂ ನಿಲ್ಲುವ ಕಡೆಯವರೆಗೆ ಟೀಚರು ಜೊತೆಗೆ ಬಂದರು. ಗಾಡಿ ಬರುವುದು ಕಂಡಾಗ ಹೇಳಿದರು: “ಸರ್, ಆ ಹುಡುಗಿ ಮೇ ತಿಂಗಳದಾಗೇ ದೊಡ್ಡಾಕಿ ಆಗಿದ್ಲುರಿ. ಮನ್ಯಾಗ ಯಾರಿಗೂ ಹೇಳಿರ್ಲಿಲ್ಲ. ಮೂರು ತಿಂಗಳು ಮುಚ್ಚಿಟ್ಟಾಳ. ನನ್ನ ಹತ್ರ ಬಂದು ಪ್ಯಾಡ್ ಇಸ್ಕೊಂಡು ಹೋಗ್ತಿದ್ಲು, ಹೇಳಬ್ಯಾಡ್ರಿ ಅಂತ ಕೈ ಹಿಡ್ಕೊಂತಿದ್ಲು. ಕಡೀಗಿ ಆಕಿ ಚಿಗವ್ವನ ಕಣ್ಣಿಗಿ ಬಿತ್ತು.”

“ಯಾಕ ಮುಚ್ಚಿಟ್ಲು?”

ಟೀಚರು ನನ್ನ ಕಡೆ ನೋಡಿದರು. “ನಿಮ್ಮ ಮೀಟಿಂಗಿನ್ಯಾಗ ಇದ್ಲಲ್ರಿ ಸರ್. ಹೇಳಿದ್ರ ರೊಕ್ಕ ಬರ್ತದ, ರೊಕ್ಕ ಬಂದ್ರ ಲಗ್ನ ಮಾಡ್ತಾರ ಅಂತ ಆಕಿಗಿ ಗೊತ್ತಿತ್ತು. ನಾನೂ ಹದಿನೆಂಟು, ಹದಿನೆಂಟು ಅಂತ ಮನಿ ಮನಿಗಿ ಹೇಳಿದ್ನಿರಿ. ನಿಮ್ಮ ಮೈಕಿನ ಮುಂದ ನನ್ನ ಮಾತು ಯಾರು ಕೇಳ್ತಾರ?”

ರಾಯಚೂರಿನಲ್ಲಿ ಬಸ್ಸಿಳಿದೆ. ಮನೆಗೆ ಹೋಗದೆ ನೇರ ಕಚೇರಿಯ ಬೀಗ ತೆಗೆದೆ. ಹುಡುಗಿ ಹೇಳಿದಂತೆ ಹೋಗಬೇಕಲ್ಲ. ಯಾವ ಯಾವ ಊರು ಎಂದು ಪಟ್ಟಿ ಮಾಡಲು ಹಳೆಯ ವರದಿಗಳನ್ನು ಹರವಿಕೊಂಡೆ. ಹಿರೇಕೊಟ್ನೆಕಲ್ ಬರೆದೆ, ಕಲ್ಲೂರು ಬರೆದೆ. ಹಾಳೆ ಮಗುಚುತ್ತ ಆ ಊರಿನ ವರದಿ ಬಂತು, ಅದಕ್ಕೆ ಅಂಟಿಸಿದ ಫೋಟೋ ಬಂತು.

ಕೋಣೆಯ ತುಂಬ ನಗು. ಸೆರಗು ಬಾಯಿಗೆ ಒತ್ತಿಕೊಂಡವರು, ಕತ್ತು ಹಿಂದಕ್ಕೆ ಚೆಲ್ಲಿದವರು, ತೊಡೆ ತಟ್ಟುತ್ತಿರುವ ಅಜ್ಜಿ. ಮುಂದಿನ ಸಾಲಿನಲ್ಲಿ ತಾಯಿಯ ಪಕ್ಕ ಆ ಹುಡುಗಿ ಕೂತಿದ್ದಾಳೆ. ಅವಳು ನಗುತ್ತಿಲ್ಲ. ಎರಡೂ ಕೈಯಿಂದ ಮೊಣಕಾಲು ಅವುಚಿಕೊಂಡು ನೇರ ನನ್ನನ್ನೇ ನೋಡುತ್ತಿದ್ದಾಳೆ. ಫೋಟೋದ ಕೆಳಗೆ ನಾನೇ ಬೆರಳಚ್ಚು ಮಾಡಿದ ಸಾಲು: ‘ಸಭೆಯಲ್ಲಿದ್ದವರು ವಿಷಯವನ್ನು ಚೆನ್ನಾಗಿ ಅರ್ಥಮಾಡಿಕೊಂಡಿರುತ್ತಾರೆ.’

ಅರ್ಥಮಾಡಿಕೊಂಡವಳು ಅವಳೊಬ್ಬಳೇ ಇದ್ದಳು.